ಯಂತ್ರ ಹೊಸದು, ಪಾಳಿ ಹಳೆಯದು

ನಿಮ್ಮ ಕೈಗೆ ಮೊಟ್ಟಮೊದಲು ಬಂದ ಯಂತ್ರ ಯಾವುದು? ಈ ಪ್ರಶ್ನೆಯನ್ನು ನಾನು ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ, ಎಂಟನೆಯ ಇಯತ್ತೆಗೆ ಹೊಸದಾಗಿ ಬಂದ ಮಕ್ಕಳಿಗೆ ಕೇಳುವುದುಂಟು. ಪ್ರಬಂಧ ಬರೆಯಿಸುವುದಕ್ಕೆ ಅದೊಂದು ನೆವ. ಇಪ್ಪತ್ತೈದು ವರ್ಷಗಳ ಹಿಂದೆ ಉತ್ತರಗಳು ಬಗೆಬಗೆಯಾಗಿರುತ್ತಿದ್ದವು. ಒಬ್ಬನಿಗೆ ಸೈಕಲ್ಲು, ಇನ್ನೊಬ್ಬನಿಗೆ ಮಾವ ಕೊಟ್ಟ ಕೈಗಡಿಯಾರ, ಒಬ್ಬಳಿಗೆ ತಾಯಿಯ ಹೊಲಿಗೆಯ ಯಂತ್ರ. ಈಗ ಉತ್ತರ ಒಂದೇ ಒಂದು: ಮೊಬೈಲು. ಆದರೆ "ಯಾರ ಮೊಬೈಲು?" ಎಂದು ಮರುಪ್ರಶ್ನೆ ಹಾಕಿದೊಡನೆ ಉತ್ತರಗಳು ಮತ್ತೆ ಬೇರೆಯಾಗುತ್ತವೆ. "ನಂದ ಐತ್ರಿ" ಎನ್ನುವವರು ಕೆಲವರು. "ಅಪ್ಪಂದ್ರಿ" ಎನ್ನುವವರು ಹಲವರು. "ಅಣ್ಣಂದ್ರಿ, ಅಂವಾ ಮಲ್ಕೊಂಡ ಮ್ಯಾಲ ನನಗ ಸಿಗತೈತ್ರಿ" ಎನ್ನುವವರೂ ಇದ್ದಾರೆ. ಈ ಕೊನೆಯ ಉತ್ತರ ಹೆಚ್ಚಾಗಿ ಹೆಣ್ಣುಮಕ್ಕಳದು. ಇಂದು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಉತ್ತರವನ್ನು ಕುರಿತೇ.

ನಾನು ಹುಟ್ಟಿದುದು ಬನಹಟ್ಟಿಯ ಒಂದು ನೇಕಾರರ ಮನೆಯಲ್ಲಿ. ರಬಕವಿ-ಬನಹಟ್ಟಿಗಳೆಂದರೆ ಮಗ್ಗದ ಊರುಗಳು. ಓಣಿಯಲ್ಲಿ ನಡೆದರೆ ಮಾತಿಗಿಂತ ಮೊದಲು ಮಗ್ಗದ ಸದ್ದೇ ಕಿವಿಗೆ ಬೀಳುತ್ತದೆ. ಇಂದು ಅದು ವಿದ್ಯುತ್ ಮಗ್ಗದ ಅಬ್ಬರ. ನನ್ನ ಬಾಲ್ಯದಲ್ಲಿ ಅದರ ನಡುವೆ ಕುಣಿಮಗ್ಗದ ಮೆಲುದನಿಯೂ ಇತ್ತು. ಕುಣಿಮಗ್ಗ ಎಂದರೆ ನಿಮಗೆ ಗೊತ್ತಿದೆ: ನೆಲದಲ್ಲಿ ಒಂದು ಕುಣಿ ತೋಡಿ, ನೇಕಾರನು ಅದರಲ್ಲಿ ಕಾಲಿಳಿಬಿಟ್ಟು ಕುಳಿತು, ಕಾಲಿನಿಂದ ಹಲಗೆ ತುಳಿಯುತ್ತ, ಕೈಯಿಂದ ಲಾಳಿ ಓಡಿಸುತ್ತ ನೇಯುವ ಮಗ್ಗ. ಆ ಲಾಳಿಯ ಹೊಟ್ಟೆಯೊಳಗೆ ಒಂದು ಕಂಡಿಕೆ ಇರುತ್ತದೆ. ಹೊಕ್ಕಿನ ನೂಲು ಆ ಕಂಡಿಕೆಯಿಂದಲೇ ಬಿಚ್ಚಿಕೊಳ್ಳಬೇಕು. ಕಂಡಿಕೆ ಮುಗಿಯಿತೆಂದರೆ ಮಗ್ಗ ನಿಂತಿತು. ಆದುದರಿಂದ ನೇಯುವವನ ಹಿಂದೆ ಸದಾ ಒಬ್ಬರು ಕುಳಿತು, ರಾಟಿಯನ್ನು ತಿರುವುತ್ತ, ಕಂಡಿಕೆ ಸುತ್ತುತ್ತಲೇ ಇರಬೇಕು. ಆ ಒಬ್ಬರು ಯಾರು? ಮನೆಯ ಹೆಂಗಸರು, ಅವರೊಡನೆ ಮಕ್ಕಳು.

ಹೀಗಾಗಿ ನಮ್ಮ ಕಡೆಯ ಎಷ್ಟೋ ಮಕ್ಕಳ ಕೈಗೆ ಮೊದಲು ಬಂದ ಯಂತ್ರ ರಾಟಿ. ಅದು ಆಟಿಕೆಯಲ್ಲ, ದುಡಿಮೆ. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ನನ್ನ ತಂದೆಯವರಿಗೆ ಹನ್ನೆರಡು ವರ್ಷ. ಆ ಹೊತ್ತಿಗೆ ಅವರು ನಾಲ್ಕನೆಯ ಇಯತ್ತೆ ಮುಗಿಸಿ, ಪಾಟಿಯನ್ನು ಗೂಡಿನಲ್ಲಿಟ್ಟು, ರಾಟಿಯ ಮುಂದೆ ಕುಳಿತು ಎರಡು ವರ್ಷ ಕಳೆದಿತ್ತು. ಆ ಪಾಟಿ ಮುಂದೆ ಮನೆಯ ಲೆಕ್ಕಕ್ಕೆ ಬಂತು. ಯಾರಿಗೆ ಎಷ್ಟು ಸೀರೆ, ಯಾರಿಂದ ಎಷ್ಟು ನೂಲು ಎಂಬುದನ್ನು ತಂದೆ ಅದರಲ್ಲಿಯೇ ಬರೆದು ಒರಸುತ್ತಿದ್ದರು.

ಯಂತ್ರದ ಒಂದು ಗುಣವನ್ನು ಇಲ್ಲಿಯೇ ಹೇಳಿಬಿಡಬೇಕು. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಎಂಬಾತ ಹಾರುವ ಲಾಳಿಯನ್ನು ಕಂಡುಹಿಡಿದನು. ಹಗ್ಗ ಎಳೆದರೆ ಲಾಳಿ ತಾನೇ ಈ ತುದಿಯಿಂದ ಆ ತುದಿಗೆ ಓಡುವ ಉಪಾಯ ಅದು. ನೇಯುವವನ ಕೈ ಚುರುಕಾಯಿತು. ಚುರುಕಾದೊಡನೆ ನೂಲು ಸಾಲದಾಯಿತು. ನೂಲುವವರ ಮೇಲೆ ಹೊರೆ ಬಿತ್ತು. ಒಬ್ಬನ ಕೈಯನ್ನು ಹಗುರ ಮಾಡಿದ ಯಂತ್ರ ಇನ್ನೊಬ್ಬರ ಕೈಯನ್ನು ಕಟ್ಟಿಹಾಕಬಹುದು. ನಮ್ಮ ಮನೆಯ ಮಗ್ಗವೂ ಅಂಥದೇ ಓಡುವ ಲಾಳಿಯದು. ಮಗ್ಗ ಬೇಗ ಓಡಿದಷ್ಟೂ ರಾಟಿಯ ಮುಂದೆ ಕುಳಿತ ಮಗು ಏಳುವುದು ತಡವಾಗುತ್ತಿತ್ತು. ಹೊಸ ಯಂತ್ರವೊಂದು ಮನೆಗೆ ಬಂದಾಗ, ಇದರಿಂದ ಯಾರಿಗೆ ಬಿಡುವಾಯಿತು, ಯಾರಿಗೆ ಬಿಡುವು ತಪ್ಪಿತು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ನನ್ನ ಬಾಲ್ಯ. 1970ರ ದಶಕದಲ್ಲಿ ನಮಗೆ ಆಟಿಕೆಗಳನ್ನು ಕೊಂಡುತರುವವರು ಯಾರೂ ಇರಲಿಲ್ಲ. ಅದರಿಂದ ಆಟಿಕೆಗಳಿಗೆ ಕೊರತೆಯೂ ಇರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಎರೆಮಣ್ಣು ತಂದು, ನಾದಿ, ಎತ್ತು ಮಾಡುತ್ತಿದ್ದೆವು. ಸುಗ್ಗಿ ಮುಗಿದ ಮೇಲೆ ಜೋಳದ ದಂಟನ್ನು ಸೀಳಿ, ಬೆಂಡು ತೆಗೆದು, ಸಿಬಿರು ಚುಚ್ಚಿ ಚಕ್ಕಡಿ ಕಟ್ಟುತ್ತಿದ್ದೆವು. ಹಳೆಯ ಸೈಕಲ್ಲಿನ ಟಾಯರನ್ನು ಕೋಲಿನಿಂದ ಹೊಡೆಯುತ್ತ ಓಣಿಯುದ್ದ ಓಡುತ್ತಿದ್ದೆವು. ನೇಕಾರರ ಮಕ್ಕಳಾದ ನಮಗೆ ಇನ್ನೊಂದು ಅನುಕೂಲವಿತ್ತು: ಬೇಕಾದಷ್ಟು ದಾರ. ಎರಡು ಬೆಂಕಿಪೆಟ್ಟಿಗೆಗಳ ತಳಕ್ಕೆ ತೂತು ಕೊರೆದು, ನಡುವೆ ದಾರ ಪೋಣಿಸಿ, ಆ ತುದಿಗೆ ಒಬ್ಬ, ಈ ತುದಿಗೆ ಒಬ್ಬ ನಿಂತರೆ ಟೆಲಿಫೋನು ಸಿದ್ಧ. ದಾರವನ್ನು ಬಿಗಿಯಾಗಿ ಹಿಡಿದರೆ ಮಾತು ಕೇಳಿಸುತ್ತದೆ, ಸಡಿಲ ಬಿಟ್ಟರೆ ಇಲ್ಲ. ಮಾತಿನ ಕಂಪನ ದಾರದ ಮೇಲೆ ನಡೆದುಹೋಗುತ್ತದೆ ಎಂಬುದನ್ನು ಯಾವ ಪುಸ್ತಕದ ಸಹಾಯವೂ ಇಲ್ಲದೆ ನಮ್ಮ ಬೆರಳುಗಳೇ ಕಲಿತವು. ಮುರಿದರೆ ನಾವೇ ಮಾಡಬಹುದಾದ, ಬಿಚ್ಚಿದರೆ ಒಳಗೇನಿದೆ ಎಂದು ಕಾಣಬಹುದಾದ ಯಂತ್ರಗಳು ಅವು. ಇಂದಿನ ಮಗುವಿನ ಕೈಯಲ್ಲಿರುವ ಯಂತ್ರ ಸಾವಿರ ಪಾಲು ಜಾಣತನದ್ದು. ಆದರೆ ಅದರ ಬಾಯಿ ಮುಚ್ಚಿದೆ. ಅದನ್ನು ಮಗು ಬಳಸಬಹುದು, ಬಿಚ್ಚಲಾರದು.

ಹೀಗೆ ಹೇಳುತ್ತ ಹೋದರೆ ನಮ್ಮ ಕಾಲವೇ ಚಿನ್ನದ ಕಾಲ ಎಂದು ನೀವು ತಿಳಿದೀರಿ. ಹಾಗಲ್ಲ. ಟಾಯರು ಹೊಡೆಯುತ್ತ ಓಡಿದವರು ನಾವು ಗಂಡುಹುಡುಗರು. ನನಗೊಬ್ಬ ಅಕ್ಕ ಇದ್ದಾಳೆ, ನನಗಿಂತ ಆರು ವರ್ಷ ಹಿರಿಯಳು. ನಾನು ಓಡುತ್ತಿದ್ದಾಗ ಅವಳು ರಾಟಿಯ ಮುಂದೆ ಕುಳಿತಿದ್ದಳು. ನಾನು ಶಾಲೆಗೆ ಸೇರಿದ ವರ್ಷ ತಂದೆ ಗೂಡಿನಿಂದ ತಮ್ಮ ಹಳೆಯ ಪಾಟಿಯನ್ನು ತೆಗೆದು ನನಗೆ ಕೊಟ್ಟರು. ಎರಡನೆಯ ವಾರವೇ ಅದು ನನ್ನ ಕೈಯಿಂದ ಬಿದ್ದು ಎರಡು ಹೋಳಾಯಿತು. ಕಟ್ಟು ಇದ್ದ ದೊಡ್ಡ ಹೋಳು ನನಗೆ ಉಳಿಯಿತು; ಅಂಚು ಕೈಗೆ ತಾಗುವ ಸಣ್ಣ ಹೋಳನ್ನು ಅಕ್ಕ ತನಗೆ ಬೇಕೆಂದು ತೆಗೆದಿಟ್ಟುಕೊಂಡಳು. ಅವಳು ಶಾಲೆ ಬಿಟ್ಟು ಆಗಲೇ ಒಂದು ವರ್ಷವಾಗಿತ್ತು. ರಾಟಿಯ ಬದಿಯಲ್ಲಿ ಆ ಹೋಳನ್ನಿಟ್ಟುಕೊಂಡು, ನೂಲು ಹರಿದಾಗ ಸಿಗುವ ಬಿಡುವಿನಲ್ಲಿ ಅಕ್ಷರ ತಿದ್ದುತ್ತಿದ್ದಳು. ನಾನು ದೊಡ್ಡ ಹೋಳನ್ನು ತೊಂಡೆಯ ಎಲೆಯಿಂದ ತಿಕ್ಕಿ ಕಪ್ಪು ಮಾಡುತ್ತಿದ್ದೆನೇ ಹೊರತು, ಅವಳ ಹೋಳಿನ ಕಡೆ ನೋಡಿದವನಲ್ಲ.

ನಮ್ಮ ಮನೆಯಲ್ಲಿ ಅಕ್ಕನಿಗೆ ಸರಿಸಮನಾದ ಪಾಲು ಕೊಟ್ಟ ಮೊದಲ ಯಂತ್ರ ಯಾವುದೆಂದರೆ ರೇಡಿಯೋ. ಧಾರವಾಡದ ಆಕಾಶವಾಣಿ ಕೇಂದ್ರ 1950ರಲ್ಲಿ ಆರಂಭವಾಯಿತು. ಮೊದಲ ದಿನಗಳಲ್ಲಿ ರೇಡಿಯೋ ಎಂದರೆ ಕೆಲವೇ ಮನೆಗಳ ಸೊತ್ತು. ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಬೇಕು. ಮಾಳಿಗೆಯ ಮೇಲೆ ಏರಿಯಲ್ ಕಟ್ಟಬೇಕು. ಗುಂಡಿ ತಿರುವಿದ ಮೇಲೆ ಒಳಗಿನ ವಾಲ್ವುಗಳು ಕಾಯುವ ತನಕ ಸುಮ್ಮನೆ ಕುಳಿತಿರಬೇಕು. 1947ರಲ್ಲಿ ಅಮೇರಿಕದಲ್ಲಿ ಟ್ರಾನ್ಸಿಸ್ಟರಿನ ಶೋಧವಾದ ಮೇಲೆ ಆ ದೊಡ್ಡ ಪೆಟ್ಟಿಗೆ ಕ್ರಮೇಣ ಕೈಚೀಲದಷ್ಟಾಯಿತು. ನಮ್ಮಂಥ ನೇಕಾರರ ಮನೆಗೂ ಬಂತು. ಅದನ್ನು ಮಗ್ಗದ ಮೇಲಿನ ಗೂಡಿನಲ್ಲಿ ಇಟ್ಟಿದ್ದರು. ಸೆಲ್ಲು ಸೋತರೆ ಬಿಸಿಲಿಗಿಟ್ಟು ಇನ್ನೆರಡು ದಿನ ದೂಡುತ್ತಿದ್ದೆವು.

ರೇಡಿಯೋ ಕೇಳುವುದಕ್ಕೆ ಕಣ್ಣು ಬೇಡ, ಕೈ ಬೇಡ, ಕಿವಿಯೊಂದಿದ್ದರೆ ಸಾಕು. ತಂದೆಯ ಕಾಲು ಹಲಗೆಯ ಮೇಲೆ, ತಾಯಿಯ ಕೈ ರೊಟ್ಟಿಯ ಹಿಟ್ಟಿನಲ್ಲಿ, ಅಕ್ಕನ ಕೈ ರಾಟಿಯ ಮೇಲೆ. ಕಿವಿ ಮಾತ್ರ ಎಲ್ಲರದೂ ಗೂಡಿನ ಕಡೆಗೆ. ಒಂದು ಯಂತ್ರ, ಐದು ಜನ. ಯಾರಿಗೂ ಪಾಳಿ ಕಾಯಬೇಕಾಗಿರಲಿಲ್ಲ. ನಾಟಕ ಬಂದರೆ ಅಕ್ಕ ಅದರ ಮಾತುಗಳನ್ನು ಮರುದಿನ ಒಪ್ಪಿಸುತ್ತಿದ್ದಳು. ವಚನ ಬಂದರೆ ಎರಡು ಬಾರಿ ಕೇಳಿದರೆ ಸಾಕು, ಬಾಯಿಗೆ ಬರುತ್ತಿತ್ತು. ನಾನು ಮುಂದೆ ಕನ್ನಡ ಪಂಡಿತ ಪರೀಕ್ಷೆಗೆ ಕುಳಿತಾಗ ಛಂದಸ್ಸಿನ ಗಣಗಳನ್ನು ಕೈಬೆರಳಿನಿಂದ ಎಣಿಸುತ್ತಿದ್ದೆ; ಪದ್ಯ ಎಲ್ಲಿ ಮುರಿಯಿತು ಎಂಬುದನ್ನು ಅಕ್ಕ ಕಿವಿಯಿಂದಲೇ ಹೇಳುತ್ತಿದ್ದಳು. ಆ ಕಿವಿಯನ್ನು ಬೆಳೆಸಿದ್ದು ರೇಡಿಯೋ. ಆದರೆ ಅಕ್ಷರವನ್ನು ಅದು ಕೊಡಲಾರದಷ್ಟೆ. ಬರೆಯುವ ರೂಢಿ ತಪ್ಪಿ, ಮದುವೆಯಾಗಿ ಹೋಗುವ ಹೊತ್ತಿಗೆ ಅಕ್ಕನಿಗೆ ತನ್ನ ಹೆಸರಿನ ಹೊರತು ಬೇರೆ ಬರೆಯಲು ಬರುತ್ತಿರಲಿಲ್ಲ.

ಕಿವಿಯ ಯಂತ್ರದ ಹಿಂದೆಯೇ ಕಣ್ಣಿನ ಯಂತ್ರ ಬಂತು. ಪಟ್ಟಣಗಳಿಗಿಂತ ಮೊದಲೇ ನಮ್ಮ ಭಾಗದ ಕೆಲವು ಹಳ್ಳಿಗಳಿಗೆ ಟೆಲಿವಿಷನ್ ಬಂದಿತ್ತೆಂದರೆ ಇಂದಿನವರಿಗೆ ಸೋಜಿಗವಾಗುತ್ತದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ, ಅಮೇರಿಕದ ಒಂದು ಉಪಗ್ರಹವನ್ನು ಎರವಲು ಪಡೆದು, ನಮ್ಮ ಬಾಹ್ಯಾಕಾಶ ಸಂಸ್ಥೆಯವರು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಪ್ರಯೋಗ ನಡೆಸಿದರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಆಗುವ ತನಕ ಜಮಖಂಡಿ, ಮುಧೋಳ, ಬೀಳಗಿಗಳೆಲ್ಲ ವಿಜಾಪುರ ಜಿಲ್ಲೆಯವೇ. ಹತ್ತು ಅಡಿ ಅಗಲದ, ಕೋಳಿಯ ಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಬೋಗುಣಿಯೊಂದು ಆಕಾಶದ ಕಡೆ ಬಾಯಿ ತೆರೆದು ನಿಂತಿರುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ.

ನನ್ನ ಸೋದರಮಾವನ ಹಳ್ಳಿಯಲ್ಲಿ ಅಂಥದೊಂದು ಪೆಟ್ಟಿಗೆ ಇತ್ತು. ಆರು ವರ್ಷದವನಾಗಿದ್ದ ನನಗೆ ಪರದೆಯ ಮೇಲೆ ಕಂಡುದೇನೆಂಬುದು ನೆನಪಿಲ್ಲ. ಮುಂದೆ ಕುಳಿತ ತಲೆಗಳು ನೆನಪಿವೆ. ಊರಿಗೆ ಊರೇ ಶಾಲೆಯ ಅಂಗಳದಲ್ಲಿ ಕುಳಿತಿತ್ತು. ಅಲ್ಲಿಯೂ ಮುಂದೆ ಗಂಡುಮಕ್ಕಳು, ಬದಿಗೆ ಹೆಂಗಸರು. ಆದರೂ ಅಕ್ಕನಿಗೆ ಆ ದಿನ ರಾಟಿ ಇರಲಿಲ್ಲ. ಕಣ್ಣು ಪಿಳುಕಿಸದೆ ನೋಡಿದಳು. ವರ್ಷ ಕಳೆದ ಮೇಲೆ ಉಪಗ್ರಹವನ್ನು ಒಡೆಯರಿಗೆ ಮರಳಿ ಒಪ್ಪಿಸಲಾಯಿತು. ಮಾವನ ಹಳ್ಳಿಯ ಪೆಟ್ಟಿಗೆ ಮೂಕವಾಯಿತು. ಮುಂದೆ ಹತ್ತು ಹನ್ನೆರಡು ವರ್ಷಗಳ ನಂತರ, 1987ರಲ್ಲಿ ರಾಮಾಯಣ ಬಂದಾಗ, ಒಂದು ಮನೆಯ ಟಿ.ವಿ.ಯ ಮುಂದೆ ಮತ್ತೆ ಓಣಿಯೇ ಸೇರಿತು. ಆಮೇಲೆ ಮನೆಗೊಂದು ಟಿ.ವಿ. ಬಂತು, ಅದರ ಮೇಲೆ ತಲೆಗೊಂದು ಮೊಬೈಲು ಬಂತೆಂದು ಹೇಳುತ್ತಾರೆ.

ತಲೆಗೊಂದು ಬಂದಿಲ್ಲ. ಅದನ್ನು ನಾನು ತಿಳಿದುದು ತಡವಾಗಿ, ಮತ್ತು ನನ್ನ ತಪ್ಪಿನಿಂದ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದವು. ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಸಂವೇದ ಎಂಬ ಪಾಠಗಳು ಬರತೊಡಗಿದವು. ಆಗಸ್ಟಿನಲ್ಲಿ ವಿದ್ಯಾಗಮ ಎಂಬ ಯೋಜನೆ ಬಂದು, ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದೆವು. ಅಕ್ಟೋಬರಿನಲ್ಲಿ ಅದೂ ನಿಂತಿತು. ಉಳಿದುದು ಮೊಬೈಲು. ನಾನು ಪ್ರಶ್ನೆಗಳನ್ನು ಕಳುಹಿಸುವುದು, ಮಕ್ಕಳು ಉತ್ತರ ಬರೆದು ಅದರ ಛಾಯಾಚಿತ್ರ ಕಳುಹಿಸುವುದು. ಕಳುಹಿಸದವರ ಹೆಸರಿನ ಮುಂದೆ ನಾನು "ಪ್ರತಿಕ್ರಿಯೆ ಇಲ್ಲ" ಎಂದು ಬರೆಯುತ್ತಿದ್ದೆ.

ಹತ್ತನೆಯ ಇಯತ್ತೆಯ ಒಬ್ಬ ಹುಡುಗಿಯ ಹೆಸರಿನ ಮುಂದೆ ನಾಲ್ಕು ತಿಂಗಳು ಹೀಗೆಯೇ ಬರೆದೆ. ಬೀಳಗಿ ತಾಲ್ಲೂಕಿನವಳು. ಆಲಮಟ್ಟಿಯ ಹಿನ್ನೀರಿನಲ್ಲಿ ಆ ತಾಲ್ಲೂಕಿನ ಹಲವು ಹಳ್ಳಿಗಳು ಮುಳುಗಿದುದು ನಿಮಗೆ ತಿಳಿದೇ ಇದೆ. ಅಂಥ ಊರೊಂದರವರಿಗಾಗಿ ಕಟ್ಟಿದ ಪುನರ್ವಸತಿ ಕೇಂದ್ರದಲ್ಲಿ ಅವಳ ಮನೆ. ನಮ್ಮ ಊರಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದವಳು, ಶಾಲೆ ಮುಚ್ಚಿದಾಗ ಮನೆಗೆ ಹೋದಳು. 2021ರ ಜನವರಿ 1ರಂದು ಹತ್ತನೆಯ ಇಯತ್ತೆಯ ತರಗತಿಗಳು ಮತ್ತೆ ತೆರೆದವು. ಆ ವಾರ ಅವಳು ಬಂದಳು. ಕೈಯಲ್ಲಿ ಇನ್ನೂರು ಪುಟದ ಒಂದು ವಹಿ. ಪಠ್ಯಪುಸ್ತಕದ ಪ್ರತಿಯೊಂದು ಪಾಠಕ್ಕೂ ಪ್ರಶ್ನೋತ್ತರ, ಪ್ರತಿಯೊಂದು ಪದ್ಯಕ್ಕೂ ಸಾರಾಂಶ. ಪುಟದ ಮೇಲೆ ತಾರೀಖು. ಮನೆಯಲ್ಲಿದ್ದುದು ಒಂದೇ ಮೊಬೈಲು. ಹಗಲಿನಲ್ಲಿ ತಂದೆಯ ಜೇಬಿನಲ್ಲಿ ಅದು ಕಬ್ಬಿನ ಗದ್ದೆಗೆ ಹೋಗುತ್ತಿತ್ತು. ಸಂಜೆ ಕಾಲೇಜು ಓದುವ ಅಣ್ಣನ ಕೈಗೆ ಬರುತ್ತಿತ್ತು. ಅವನು ಮಲಗುವ ಹೊತ್ತಿಗೆ ಅದರ ಸತ್ವವೇ ತೀರಿರುತ್ತಿತ್ತು. ವಹಿಯನ್ನು ನನ್ನ ಮೇಜಿನ ಮೇಲಿಟ್ಟು ಅವಳು ಕೇಳಿದಳು: "ಸರ್, ಫೋಟೋ ಹಾಕಲಿಲ್ಲ ಅಂದ್ರ ಅಭ್ಯಾಸ ಮಾಡಿಲ್ಲ ಅಂತ ಆಗತೈತೇನ್ರಿ?"

ನಾನು ಉತ್ತರ ಕೊಡಲಿಲ್ಲ. ವಹಿಯನ್ನು ಮನೆಗೆ ತಂದು, ಮೂರು ರಾತ್ರಿ ಕುಳಿತು, ಮೊದಲ ಪುಟದಿಂದ ಕೊನೆಯ ಪುಟದ ತನಕ ತಿದ್ದಿ ಕೊಟ್ಟೆ. ಆದರೆ ಆ ಮೂರು ರಾತ್ರಿಯೂ ನನ್ನ ಕಣ್ಣಿಗೆ ಕಟ್ಟಿದುದು ವಹಿಯಲ್ಲ, ಅಂಚು ಒಡೆದ ಪಾಟಿಯ ಹೋಳು. ನಲವತ್ತೈದು ವರ್ಷಗಳಲ್ಲಿ ಯಂತ್ರ ಎಷ್ಟು ಬದಲಾಯಿತು! ಪಾಟಿ ಹೋಗಿ ಪರದೆ ಬಂತು. ಆದರೆ ದೊಡ್ಡ ಹೋಳು ಯಾರಿಗೆ, ಸಣ್ಣ ಹೋಳು ಯಾರಿಗೆ ಎಂಬ ಲೆಕ್ಕ ಬದಲಾಗಿರಲಿಲ್ಲ. ಮನೆಯಲ್ಲಿ ಅದನ್ನು ಬದಲಿಸದವರು ತಾಯ್ತಂದೆಗಳು. ಶಾಲೆಯಲ್ಲಿ ಅದನ್ನು ಕಾಣದೆ ಹೋದವನು ನಾನು.

ನಮ್ಮ ನೆಲದಲ್ಲಿಯೇ ಇದಕ್ಕೊಂದು ಹಳೆಯ ಪಾಠವಿದೆ. ಕವಿ ರನ್ನನು ಕ್ರಿ.ಶ. 949ರಲ್ಲಿ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದನು. ಆ ಕಾಲದ ವಿದ್ಯೆಯ ಸಾಧನ ಓಲೆಗರಿ ಮತ್ತು ಕಂಠ. ಅದೂ ಎಲ್ಲರ ಕೈಗೆ ಬರುವಂಥದಲ್ಲ. ಬಳೆಗಾರರ ಹುಡುಗ ಕವಿಚಕ್ರವರ್ತಿಯಾದುದು ಓಲೆಗರಿಯೊಂದರಿಂದಲೇ ಅಲ್ಲ. ಅಜಿತಸೇನಾಚಾರ್ಯರಂಥ ಗುರು, ಚಾವುಂಡರಾಯನಂಥ ಪೋಷಕ, ಅತ್ತಿಮಬ್ಬೆಯಂಥ ಆಶ್ರಯದಾತೆ ಅವನ ಪಕ್ಕದಲ್ಲಿ ನಿಂತುದರಿಂದ. ಆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ದಾನ ಮಾಡಿದಳೆಂದು ಪ್ರಸಿದ್ಧಿ ಇದೆ. ಒಂದೊಂದು ಅಕ್ಷರವನ್ನೂ ಕೈಯಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ! ಪುಸ್ತಕ ಕೆಲವರ ಕೈಯಲ್ಲಿಯೇ ಉಳಿಯಬಾರದೆಂದು ಆಕೆ ಬಗೆದಳು. ರನ್ನನು ತನ್ನ ಮಗಳಿಗೆ ಅತ್ತಿಮಬ್ಬೆಯೆಂದೇ ಹೆಸರಿಟ್ಟನು. ಸಾಧನ ಎಷ್ಟೇ ವಿರಳವಾಗಿದ್ದರೂ ಅದನ್ನು ಹಂಚುವ ಮನಸ್ಸಿದ್ದರೆ ದಾರಿ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇಷ್ಟೆಲ್ಲ ಹೇಳಿ ನಾನು ಮೊಬೈಲಿನ ವೈರಿ ಎಂದು ನೀವು ಭಾವಿಸಬಾರದು. ಅಕ್ಕನಿಗೆ ಈಗ ಅರವತ್ತು ದಾಟಿದೆ. ಸೊಸೆ ಅವಳಿಗೆ ಒಂದು ಮೊಬೈಲು ಕೊಡಿಸಿದ್ದಾಳೆ. ಅದರಲ್ಲಿ ಬರೆಯಬೇಕಾಗಿಲ್ಲ, ಗುಂಡಿ ಒತ್ತಿ ಮಾತನಾಡಿದರೆ ಸಾಕು, ಮಾತು ಇದ್ದಂತೆಯೇ ಈ ಕಡೆ ಬಂದು ಬೀಳುತ್ತದೆ. ಪುಣೆಯಲ್ಲಿರುವ ಮೊಮ್ಮಕ್ಕಳಿಗೆ ದಿನಕ್ಕೊಂದು ಒಗಟು ಕಳುಹಿಸುತ್ತಾಳೆ. ನನಗೂ ಕಳುಹಿಸುತ್ತಾಳೆ, ಪಂಡಿತನಾದ ನಾನು ಎಷ್ಟೋ ಸಲ ಸೋಲುತ್ತೇನೆ. ಪಾಟಿ ಅವಳಿಗೆ ಕೊಡದೆ ಹೋದುದನ್ನು ಈ ಯಂತ್ರ ಅಷ್ಟಿಷ್ಟು ಕೊಟ್ಟಿದೆ. ಕೈಯ ರಾಟಿಯ ಜಾಗಕ್ಕೆ ಮೋಟಾರಿನಿಂದ ಕಂಡಿಕೆ ಸುತ್ತುವ ಯಂತ್ರ ಬಂದುದರಿಂದ ನಮ್ಮ ಓಣಿಯ ಎಷ್ಟೋ ಹುಡುಗಿಯರ ಕೈ ಬಿಡುವಾಯಿತು, ಶಾಲೆಗೆ ಬಂದರು. ಯಂತ್ರಕ್ಕೆ ಕೃತಜ್ಞತೆ ಸಲ್ಲಬೇಕಾದಲ್ಲಿ ಸಲ್ಲಬೇಕು.

ನಾನು ಕೇಳಿಕೊಳ್ಳುವುದು ಎರಡೇ ಮಾತು. ಮನೆಯಲ್ಲಿ ಒಂದೇ ಮೊಬೈಲು ಇದ್ದರೆ, ಗಡಿಯಾರ ನೋಡಿ ಪಾಳಿ ಹಚ್ಚಿರಿ. ಮಗಳ ಪಾಳಿಯನ್ನು ರಾತ್ರಿಯ ಕೊನೆಗೆ ಇಡಬೇಡಿರಿ, ಮೊದಲಿಗೆ ಇಡಿರಿ. ಇನ್ನೊಂದು, ನಿಮ್ಮ ಮನೆಯಲ್ಲಿ ಮಕ್ಕಳಿಗೆ ತಲೆಗೊಂದು ಮೊಬೈಲು ಇದ್ದರೆ, ದಿನದಲ್ಲಿ ಅರ್ಧ ಗಂಟೆಯಾದರೂ ಅವರ ಮಗ್ಗುಲಲ್ಲಿ ಕುಳಿತು ಅವರು ನೋಡುವುದನ್ನು ನೀವೂ ನೋಡಿರಿ, ತಿಳಿಯದಿದ್ದರೆ ಅವರನ್ನೇ ಕೇಳಿರಿ. ಮೊದಲನೆಯ ಮನೆಯ ಮಗುವಿಗೆ ಯಂತ್ರ ಇಲ್ಲ, ಎರಡನೆಯ ಮನೆಯ ಮಗುವಿಗೆ ಜೊತೆ ಇಲ್ಲ. ಬೆಂಕಿಪೆಟ್ಟಿಗೆಯ ಟೆಲಿಫೋನಿಗೂ ಆ ತುದಿಗೆ ಒಬ್ಬರು ಬೇಕಾಗಿತ್ತು.

ಈ ಜೂನಿನಲ್ಲಿಯೂ ನಾನು ಆ ಪ್ರಶ್ನೆಯನ್ನು ಕೇಳುತ್ತೇನೆ. ಯಾವ ಯಂತ್ರ ಎಂದು ಕೇಳುವುದನ್ನು ಬಿಟ್ಟು ಕೆಲವು ವರ್ಷಗಳಾದವು. ಯಾರದು, ನಿನಗೆ ಯಾವಾಗ ಸಿಗುತ್ತದೆ ಎಂದೇ ಕೇಳುತ್ತೇನೆ. ಉತ್ತರ ಬರೆದುಕೊಂಡ ಮೇಲೆ, ಯಾರಿಗೆ ವಹಿಯಲ್ಲಿ ಬರೆದು ತಂದರೂ ನಡೆಯುತ್ತದೆ ಎಂದು ಹೇಳಬೇಕೋ ಅವರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿಯೂ ಇಂದು ರಾತ್ರಿ ಊಟಕ್ಕೆ ಕುಳಿತಾಗ ಆ ಪ್ರಶ್ನೆಯನ್ನು ಒಮ್ಮೆ ಕೇಳಿ ನೋಡಿರಿ. ಎಲ್ಲಕ್ಕಿಂತ ಕಡೆಗೆ ಉತ್ತರ ಕೊಡುವ ಮಗುವಿನ ಮಾತನ್ನು ಸ್ವಲ್ಪ ಗಮನವಿಟ್ಟು ಕೇಳಿರಿ.